ಮಾಸ್ತರರನ್ನು ಕೇಳಿ: ಹಾಜರಿ ಪುಸ್ತಕದಲ್ಲಿ ಹೆಸರು ನಿಲ್ಲುತ್ತಿಲ್ಲ ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ರೋಗದವು. ಶಾಲೆಯಲ್ಲಿ ಮಾಸ್ತರು ನಿಲ್ಲುತ್ತಿಲ್ಲ, ಅಕ್ಕೋರು ನಿಲ್ಲುತ್ತಿಲ್ಲ, ಜೂನ್‌ನಲ್ಲಿ ಕಂಡ ಮುಖ ದೀಪಾವಳಿಗೆ ಇರುವುದಿಲ್ಲ. ಹಾಗಾಗಿ ಪಿಯುಸಿ ಆದಮೇಲೆ ಏನು ಓದಿಸಲಿ ಎಂದು ಕೇಳಿದವರೆಲ್ಲ ಮುಂದಿನ ಸಂಚಿಕೆಯವರೆಗೆ ಕಾಯಬೇಕು, ಬೇಸರ ಮಾಡಿಕೊಳ್ಳಬೇಡಿ. ಊರು ಉಳಿಸಿಕೊಂಡು ಹೆಸರು ಬಿಟ್ಟಿದ್ದೇನೆ. ಶಾಲೆಯ ಹೆಸರಂತೂ ಬೇಡವೇ ಬೇಡ.

ಪ್ರಶ್ನೆ: ಸರ್, ಕಾರವಾರದ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಆರು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಈಗಿನವರು ನಾನು ಕಂಡ ನಾಲ್ಕನೇ ಪ್ರಿನ್ಸಿಪಾಲರು. ನಾವು ಇಪ್ಪತ್ತೆರಡು ಜನ ಇದ್ದೆವು, ಕಳೆದ ಮಾರ್ಚ್‌ಗೆ ಒಂಬತ್ತು ಜನ ಬಿಟ್ಟರು. ಅವರಲ್ಲಿ ಮೂವರು ಇದೇ ಊರಿನ ಇನ್ನೊಂದು ಶಾಲೆಗೆ ಹೋದರು. ಒಬ್ಬರು ಮನೆಯಲ್ಲಿ ಟ್ಯೂಶನ್ ಹೇಳುತ್ತಿದ್ದಾರೆ. ಹೊಸಬರಲ್ಲಿ ಇಬ್ಬರು ದಸರಾ ರಜೆಗೆ ಹೋದವರು ವಾಪಸ್ ಬರಲೇ ಇಲ್ಲ. ಯಾರು ಬಿಟ್ಟರೂ ಅವರ ಪೀರಿಯಡ್ ನನ್ನ ತಲೆಗೆ, ಈಗ ವಾರಕ್ಕೆ 36 ಆಗಿದೆ. ಸಣ್ಣ ತಪ್ಪಾದರೂ ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೆದುರು ಬೈಯುತ್ತಾರೆ. "ಸಂಬಳ ಕಡಿಮೆ ಅಂತ ಬಿಡ್ತಾರೆ, ನಾವೇನು ಮಾಡೋಕಾಗುತ್ತೆ" ಅನ್ನುವುದು ಮ್ಯಾನೇಜ್‌ಮೆಂಟಿನ ಮಾತು. ನಾನೂ ಬಿಡಲಾ, ಇರಲಾ?

ಉತ್ತರ: ಅಕ್ಕೋರೇ, ಮೊದಲು ಒಂದು ಹಾಳೆ ತಗೊಂಡು ಆ ಒಂಬತ್ತು ಜನರ ಹೆಸರು ಬರೆಯಿರಿ. ಕಾರವಾರ ಅಂದಮೇಲೆ ನೌಕಾನೆಲೆಯವರ, ಕೈಗಾ ಅಣುವಿದ್ಯುತ್ ಕೇಂದ್ರದವರ ಮನೆಯವರು ಒಬ್ಬಿಬ್ಬರಾದರೂ ಇದ್ದಾರು. ಗಂಡನಿಗೆ ವಿಶಾಖಪಟ್ಟಣಕ್ಕೋ ಕೊಚ್ಚಿಗೋ ವರ್ಗ ಆದರೆ ಅವರು ಗಂಟುಮೂಟೆ ಕಟ್ಟಲೇಬೇಕು. ಅದು ಯಾರ ತಪ್ಪೂ ಅಲ್ಲ, ಅವರ ಹೆಸರು ಹೊಡೆದುಹಾಕಿ. ಸರ್ಕಾರಿ ನೌಕರಿ ಸಿಕ್ಕಿ ಹೋದವರದ್ದೂ ಹೊಡೆದುಹಾಕಿ. 2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಪರೀಕ್ಷೆ ಮಾಡಿದಾಗ, ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಸ್ಟಾಫ್‌ರೂಮಿನಲ್ಲಿ ಗೈಡ್ ಹಿಡಿದು ಕೂತವರನ್ನು ನಾನೇ ಕಂಡಿದ್ದೇನೆ. ಅವರನ್ನು ಯಾವ ಪ್ರಿನ್ಸಿಪಾಲರೂ ಹಿಡಿದು ನಿಲ್ಲಿಸಲಾರರು, ನಿಲ್ಲಿಸಲೂಬಾರದು.

ಈಗ ಉಳಿದ ಹೆಸರು ನೋಡಿ. ಮೂವರು ಅದೇ ಊರಿನ ಬೇರೆ ಶಾಲೆಗೆ ಹೋದರು ಅಂದಿರಿ. ಸಂಬಳಕ್ಕಾಗಿ ಬಿಡುವವರು ಸಂಬಳ ಜಾಸ್ತಿ ಇರುವ ಕಡೆ ಹೋಗುತ್ತಾರೆ, ಅಲ್ವಾ? ಕಾಳಿ ಸೇತುವೆ ದಾಟಿ ಗೋವಾ ಕಡೆ ಹೋದರೆ ಆ ಮಾತು ಒಪ್ಪಬಹುದು. ಹತ್ತಿಪ್ಪತ್ತು ನಿಮಿಷ ದೂರದ ಇನ್ನೊಂದು ಶಾಲೆಗೆ, ಹೆಚ್ಚುಕಡಿಮೆ ಅಷ್ಟೇ ದುಡ್ಡಿಗೆ, ಇದ್ದ ಸೀನಿಯಾರಿಟಿ ಬಿಟ್ಟು ಹೋಗುತ್ತಾರೆ ಅಂದರೆ ಅವರು ಓಡಿದ್ದು ಸಂಬಳದಿಂದಲ್ಲ. ಇದು ನಮ್ಮ ಉತ್ತರ ಕನ್ನಡ ಜಿಲ್ಲೆಯ ವಿಶೇಷವೂ ಅಲ್ಲ. ಅಮೆರಿಕದಲ್ಲಿ ರಿಚರ್ಡ್ ಇಂಗರ್ಸಾಲ್ ಎಂಬ ಸಮಾಜಶಾಸ್ತ್ರಜ್ಞರು 2001ರಲ್ಲಿ ಇದೇ ವಿಷಯ ಕೆದಕಿ ನೋಡಿದ್ದರು. ಶಿಕ್ಷಕರ ಕೊರತೆ ಕೊರತೆ ಅಂತ ಎಲ್ಲರೂ ಬಾಯಿ ಬಡಿದುಕೊಳ್ಳುತ್ತಿದ್ದ ಕಾಲ ಅದು. ಇದ್ದವರು ನಿವೃತ್ತಿಗೆ ಮುಂಚೆಯೇ ಬಿಟ್ಟು ಹೋಗುವುದೇ ದೊಡ್ಡ ತೂತು ಎಂದು ಅವರು ತೋರಿಸಿದರು. ಬಿಡುವುದಕ್ಕೆ ಕಾರಣಗಳಲ್ಲಿ ಸಂಬಳವೂ ಇತ್ತು, ಅದರ ಜೊತೆಗೇ ಮೇಲಿನವರು ಬೆನ್ನಿಗೆ ನಿಲ್ಲದಿರುವುದು, ಶಾಲೆಯ ತೀರ್ಮಾನಗಳಲ್ಲಿ ಶಿಕ್ಷಕರ ಮಾತಿಗೆ ಬೆಲೆ ಇಲ್ಲದಿರುವುದು ಇವೂ ಇದ್ದವು. ತೂತು ಮುಚ್ಚದೆ ಕೊಡ ತುಂಬಿಸಿದ ಹಾಗೆ, ಪ್ರತಿ ಮೇ ತಿಂಗಳು ಜಾಹೀರಾತು ಕೊಟ್ಟು ಹೊಸಬರನ್ನು ತುಂಬುತ್ತಲೇ ಇರಬೇಕು.

36 ಪೀರಿಯಡ್ ಮಾತಿಗೆ ಬರೋಣ. ಒಬ್ಬರು ಬಿಟ್ಟರೆ ಅವರ ಪಾಠ ಉಳಿದವರಿಗೆ ಹಂಚಿಹೋಗುತ್ತದೆ. ಹಂಚಿಕೊಂಡವರಲ್ಲಿ ಒಬ್ಬರಿಗೆ ತಡೆಯಲಾಗದೆ ಅವರೂ ಬಿಡುತ್ತಾರೆ. ಈಗ ಇಬ್ಬರ ಪಾಠ ಹಂಚಬೇಕು. ಎಲ್ಲಕ್ಕಿಂತ ಜಾಸ್ತಿ ಬೀಳುವುದು ಯಾರಿಗೆ? "ನೀವು ಹಳಬರು, ಮ್ಯಾನೇಜ್ ಮಾಡ್ತೀರಿ" ಅನ್ನಿಸಿಕೊಂಡವರಿಗೆ. ಕೊನೆಗೆ ಹೋಗುವವರು ಒಳ್ಳೆಯವರೇ ಆಗಿರುತ್ತಾರೆ, ಹೋಗುವಾಗ ಸದ್ದೂ ಮಾಡುವುದಿಲ್ಲ.

ಯಕ್ಷಗಾನ ನೋಡುವವರಿಗೆ ಇದು ಗೊತ್ತು. ಹಾಡುವ ಭಾಗವತರು ವೇಷಧಾರಿಯ ಉಸಿರು ನೋಡಿ ಪದ ಎತ್ತುತ್ತಾರೆ. ತಮ್ಮ ಗಂಟಲು ಚೆನ್ನಾಗಿದೆ ಅಂತ ಎಳೆಯುತ್ತಲೇ ಇದ್ದರೆ ಕುಣಿಯುವವ ರಂಗದ ಮೇಲೆ ಬೀಳುತ್ತಾನೆ, ಮುಂದಿನ ತಿರುಗಾಟಕ್ಕೆ ಬೇರೆ ಮೇಳ ಹುಡುಕುತ್ತಾನೆ.

ನಿಮ್ಮ ಪ್ರಿನ್ಸಿಪಾಲರನ್ನು ನಾನು ಕಂಡವನಲ್ಲ. ಆರು ವರ್ಷದಲ್ಲಿ ನಾಲ್ವರು ಅಂದರೆ ಅವರ ಕುರ್ಚಿಯೂ ಬಿಸಿಯಾಗಿಯೇ ಇರಬೇಕು. ಮೇಲಿನಿಂದ ಬಂದ ಬೈಗುಳವನ್ನು ರಾತ್ರಿ ಹತ್ತಕ್ಕೆ ಗ್ರೂಪಿಗೆ ಇಳಿಸುತ್ತಿದ್ದಾರೋ ಏನೋ. ಅದಕ್ಕೇ ಒಂದು ಅವಕಾಶ ಕೊಡಿ. ನಿಮ್ಮ ಟೈಮ್‌ಟೇಬಲ್ ಕೈಯಲ್ಲಿ ಬರೆದುಕೊಂಡು, ಒಬ್ಬರೇ, ಬಾಗಿಲು ಮುಚ್ಚಿ ಮಾತಾಡಿ. ಎರಡೇ ವಿಷಯ ಕೇಳಿ: ಪೀರಿಯಡ್ ಇಷ್ಟಕ್ಕೆ ಇಳಿಯಬೇಕು, ತಪ್ಪಿದ್ದರೆ ಕರೆದು ಹೇಳಬೇಕು, ಗ್ರೂಪಿನಲ್ಲಿ ಬೇಡ. ಗುಂಪು ಕಟ್ಟಿಕೊಂಡು ಹೋಗಬೇಡಿ, ಹೋದರೆ ಅವರಿಗೆ ಕಾಣುವುದು ಗುಂಪು ಮಾತ್ರ. ಜನವರಿ ಮುಗಿಯುವವರೆಗೂ ಒಂದು ಪೀರಿಯಡ್ ಕೂಡ ಇಳಿಯದಿದ್ದರೆ ಬೇರೆ ಕಡೆ ಅರ್ಜಿ ಹಾಕಿ. ವರ್ಷದ ನಡುವೆ ಮಾತ್ರ ಬಿಡಬೇಡಿ. ಮಕ್ಕಳ ಮುಖ ನೋಡಿಯಾದರೂ ಮಾರ್ಚ್ ದಾಟಿಸಿ.

ಹೊರಡುವುದೇ ಆದರೆ ಬರಿಗೈಯಲ್ಲಿ ಹೊರಡಬೇಡಿ. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರ್ಯಾಚುಟಿ, ಅಂದರೆ ಬಿಡುವಾಗ ಸೇವೆಯ ಲೆಕ್ಕದಲ್ಲಿ ಕೊಡುವ ಇಡಿಗಂಟು, ಇದೆ. 1972ರ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು, 1997ರಿಂದಲೇ ಅನ್ವಯ ಎಂದು ಮಾಡಿದರು. ಶಾಲೆಗಳವರು ಸುಪ್ರೀಂ ಕೋರ್ಟಿಗೆ ಹೋದರು, 2022ರಲ್ಲಿ ಅಲ್ಲಿಯೂ ಸೋತರು. ಅದಕ್ಕೆ ಬೇಕಾದ ಐದು ವರ್ಷ ನಿಮಗೆ ದಾಟಿದೆ. ಕೊನೆಯ ಮೂಲವೇತನ ಮತ್ತು ಡಿಎ ಸೇರಿ 16,000 ಅಂದುಕೊಳ್ಳಿ, ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಆರು ವರ್ಷಕ್ಕೆ ಗುಣಿಸಿದರೆ ಸುಮಾರು 55 ಸಾವಿರ ಬರುತ್ತದೆ. ಇಪ್ಪತ್ತು ಮತ್ತು ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಪಿಎಫ್ ಕೂಡ ಬರುತ್ತದೆ. ಇವತ್ತೇ ನಿಮ್ಮ ಯುಎಎನ್ (ಪಿಎಫ್ ಖಾತೆಯ ನಂಬರು) ಹಾಕಿ ಪಾಸ್‌ಬುಕ್ ತೆಗೆದು ನೋಡಿ. ಸಂಬಳದಲ್ಲಿ ಹಿಡಿದದ್ದು ಖಾತೆಗೆ ಬಿದ್ದಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ನಮಸ್ಕಾರ. ನಾನು ಶಿರಸಿ ಕಡೆಯ ಅಡಿಕೆ ತೋಟದವ. ಮಗಳು ಒಂಬತ್ತನೇ ಕ್ಲಾಸು, ಖಾಸಗಿ ಹೈಸ್ಕೂಲು. ಜೂನ್‌ನಿಂದ ದೀಪಾವಳಿಯೊಳಗೆ ಗಣಿತಕ್ಕೆ ಮೂರನೇ ಮಾಸ್ತರು ಬಂದಿದ್ದಾರೆ. ನಮ್ಮ ಕಾಲದಲ್ಲಿ ಒಬ್ಬರೇ ಮಾಸ್ತರು ಅಣ್ಣನಿಗೂ ಕಲಿಸಿ, ನನಗೂ ಕಲಿಸಿ, ತಂಗಿಗೂ ಕಲಿಸಿದ್ದರು. ಮಗಳನ್ನು ಬೇರೆ ಶಾಲೆಗೆ ಹಾಕಲಾ?

ಉತ್ತರ: ಮಗಳ ಗಣಿತದ ಪಟ್ಟಿ (ನೋಟ್‌ಬುಕ್) ತಂದು ಕೂತುಕೊಳ್ಳಿ. ಮೊದಲ ಮಾಸ್ತರರ ಕೆಂಪು ಸಹಿ ಎಲ್ಲಿ ನಿಂತಿತು, ಎರಡನೆಯವರದ್ದು ಎಲ್ಲಿ ಶುರುವಾಯಿತು ನೋಡಿ. ನಾನು ಹಾಗೆ ಒಂದು ಪಟ್ಟಿ ನೋಡಿದ್ದೆ. ನೆರೆಮನೆಯ ಹುಡುಗನದ್ದು. ಬಹುಪದೋಕ್ತಿ ಅರ್ಧಕ್ಕೆ ನಿಂತಿತ್ತು, ಆಮೇಲೆ ನಾಲ್ಕು ಹಾಳೆ ಖಾಲಿ, ಆಮೇಲೆ ಬೇರೆ ಕೈಬರಹದಲ್ಲಿ ತ್ರಿಭುಜ. ನಡುವೆ ಆ ಹುಡುಗ ಒಂದು ಯಕ್ಷಗಾನದ ಕಿರೀಟ ಬಿಡಿಸಿದ್ದ, ಚೆನ್ನಾಗಿಯೇ ಇತ್ತು. ಎರಡನೇ ಮಾಸ್ತರರಿಗೆ ಮೊದಲಿನವರು ಎಲ್ಲಿಯವರೆಗೆ ಮುಗಿಸಿದ್ದರು ಅಂತ ಯಾರೂ ಹೇಳಿರಲಿಲ್ಲ. ಹೇಳಬೇಕಾದದ್ದು ಹೆಡ್‌ಮಾಸ್ತರರ ಕೆಲಸ.

ನೀವು ಕೇಳಬೇಕಾದದ್ದೂ ಅದನ್ನೇ. ಹೆಡ್‌ಮಾಸ್ತರರ ಹತ್ತಿರ ಹೋಗಿ, ಪಟ್ಟಿ ತೆರೆದು ತೋರಿಸಿ, "ಬಿಟ್ಟುಹೋದ ಪಾಠ ಯಾವಾಗ ಮುಗಿಸಿಕೊಡುತ್ತೀರಿ" ಅಂತ ಕೇಳಿ, ತಾರೀಕು ಬರೆಸಿಕೊಂಡು ಬನ್ನಿ. ಈಗ ಬಂದಿರುವ ಮೂರನೇ ಮಾಸ್ತರರ ಮೇಲೆ ಮಾತ್ರ ಕೂಗಾಡಬೇಡಿ, ನಾಲ್ಕನೆಯವರನ್ನು ಹುಡುಕುವ ಹಾಗಾದೀತು. ಮಾಸ್ತರರಿಗೆ ಒಂದು ಮಾತೂ ಕೇಳದೆ ನೇರ ಆಡಳಿತ ಮಂಡಳಿಯ ಅಧ್ಯಕ್ಷರಿಗೇ ಫೋನ್ ಹೊಡೆಯುವ ಪಾಲಕರೂ ಈ ರೋಗಕ್ಕೆ ತಮ್ಮ ಪಾಲು ಹಾಕಿದ್ದಾರೆ, ನಿಮಗೆ ಹೇಳುತ್ತಿಲ್ಲ, ಸುಮ್ನೆ ಹೇಳಿದೆ.

ಮಕ್ಕಳಿಗೆ ಪೆಟ್ಟು ಬೀಳುವುದು ನಿಜ. ನ್ಯೂಯಾರ್ಕ್ ನಗರದ ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳ ಎಂಟು ವರ್ಷದ ಅಂಕ ಹಿಡಿದು ಮೂವರು ಸಂಶೋಧಕರು 2013ರಲ್ಲಿ ಒಂದು ಲೆಕ್ಕ ಹಾಕಿದ್ದರು. ಶಿಕ್ಷಕರು ಹೆಚ್ಚು ಬದಲಾದ ಕಡೆ ಮಕ್ಕಳ ಕಲಿಕೆ ಕುಗ್ಗಿತ್ತು. ನನಗೆ ಆಶ್ಚರ್ಯ ಆದದ್ದು ಇನ್ನೊಂದು ವಿಷಯ: ತಮ್ಮ ಟೀಚರ್ ಬದಲಾಗದೆ ಉಳಿದ ಮಕ್ಕಳಿಗೂ ಅದರ ಬಿಸಿ ತಟ್ಟಿತ್ತು. ಯೋಚಿಸಿದರೆ ಸರಿಯೇ. ಪಕ್ಕದ ಕ್ಲಾಸಿಗೆ ದಿನಾ ಹೊಸಬರು ಬರುತ್ತಿದ್ದರೆ ಹಳಬರ ಅರ್ಧ ಹೊತ್ತು ಅವರಿಗೆ ದಾರಿ ತೋರಿಸುವುದರಲ್ಲೇ ಹೋಗುತ್ತದೆ.

ನಿಮ್ಮ ಕಾಲದ ಮಾಸ್ತರರ ಮಾತು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಿಗೆ ಹೈಸ್ಕೂಲು ತಂದ ಜಿಲ್ಲೆ ನಮ್ಮದು. ಆಗಿನ ಅನುದಾನಿತ ಶಾಲೆಯ ಮಾಸ್ತರರಿಗೆ ಸರ್ಕಾರದ ಸಂಬಳ ಬರುತ್ತಿತ್ತು, ಪಿಂಚಣಿ ಇತ್ತು, ಊರಿನಲ್ಲಿ ಮರ್ಯಾದೆ ಇತ್ತು. ಅವರು ನಿವೃತ್ತರಾದ ಮೇಲೆ ಎಷ್ಟೋ ಕಡೆ ಆ ಹುದ್ದೆ ತುಂಬಲಿಲ್ಲ, ಆಡಳಿತ ಮಂಡಳಿಯವರು ತಮ್ಮ ಕೈಯಿಂದ ಗೌರವಧನ ಕೊಟ್ಟು ಯಾರನ್ನಾದರೂ ತರುತ್ತಾರೆ. ಹತ್ತು ತಿಂಗಳ ಆದೇಶ ಕೊಟ್ಟು ಮೂವತ್ತು ವರ್ಷದ ನಿಷ್ಠೆ ಕೇಳಿದರೆ ಎಲ್ಲಿಂದ ಬರಬೇಕು?

ಶಾಲೆ ಈಗಲೇ ಬದಲಿಸಬೇಡಿ. ವರ್ಷ ಮುಗಿಯಲಿ. ಬದಲಿಸುವುದಾದರೆ ಹೋಗುವ ಶಾಲೆಯಲ್ಲಿ ಕಟ್ಟಡ, ಬಸ್ಸು, ರಿಸಲ್ಟ್ ಬೋರ್ಡ್ ನೋಡುವ ಮುಂಚೆ "ಗಣಿತದವರು ಎಷ್ಟು ವರ್ಷದಿಂದ ಇದ್ದಾರೆ" ಅಂತ ಕೇಳಿ.

ಪ್ರಶ್ನೆ: ಅಂಕೋಲಾ ತಾಲೂಕು, ಘಟ್ಟದ ಬುಡದ ಊರು. ನಾನು ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ. ಒಂದರಿಂದ ಐದನೇ ತರಗತಿ, 63 ಮಕ್ಕಳು. ಇಬ್ಬರು ಶಿಕ್ಷಕರಿದ್ದರು. ಅಕ್ಕೋರು ವರ್ಗ ಮಾಡಿಸಿಕೊಂಡು ಹೋದರು. ಉಳಿದವರೇ ಪ್ರಭಾರಿ ಮುಖ್ಯ ಶಿಕ್ಷಕರು. ಅವರು ಕ್ಲಾಸಿಗೇ ಹೋಗುವುದಿಲ್ಲ, ಮೊಬೈಲ್ ನೋಡುತ್ತಾ ಕೂರುತ್ತಾರೆ. ಅವರನ್ನು ಹೇಗೆ ಬದಲಿಸುವುದು?

ಉತ್ತರ: ಬದಲಿಸುವ ಮುಂಚೆ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಅವರ ಪಕ್ಕ ಕೂತು ಆ ಮೊಬೈಲಿನಲ್ಲಿ ಏನಿದೆ ನೋಡಿ. ಬೆಳಿಗ್ಗೆ ಹಾಲು, 2013ರಿಂದ ಇರುವ ಕ್ಷೀರಭಾಗ್ಯ. ಎಷ್ಟು ಮಕ್ಕಳು ಕುಡಿದರು ಬರೆಯಬೇಕು. ಮಧ್ಯಾಹ್ನ ಬಿಸಿಯೂಟ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ. ಮೊಟ್ಟೆ ತರಬೇಕು, ಒಡೆದದ್ದು ಎಣಿಸಬೇಕು, ತಿನ್ನದವರಿಗೆ ಬಾಳೆಹಣ್ಣೋ ಚಿಕ್ಕಿಯೋ ಕೊಡಬೇಕು, ಬಿಲ್ ಇಡಬೇಕು. ಮಕ್ಕಳ ವಿವರ ಇಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಮಾಹಿತಿ ತುಂಬಬೇಕು. ಅದಕ್ಕೆ ನೆಟ್‌ವರ್ಕ್ ಬೇಕು, ನಿಮ್ಮೂರಿನ ನೆಟ್‌ವರ್ಕ್ ನಿಮಗೇ ಗೊತ್ತು, ಗುಡ್ಡ ಹತ್ತಬೇಕು. ನಡುವೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯವರ ಫೋನು, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೀಟಿಂಗು. ಇದೆಲ್ಲ ಮಾಡುತ್ತಾ ಐದು ತರಗತಿ. ಪ್ರಭಾರಿ ಅಂದರೆ ಸೀನಿಯರ್ ಅಂತ ಕೀಲಿಕೈ ಕೊಟ್ಟದ್ದು ಅಷ್ಟೇ. ಶಾಲೆ ನಡೆಸುವುದು ಹೇಗೆ ಅಂತ ಅವರಿಗೆ ಕಲಿಸಿದವರು ಯಾರು?

ಅವರು ಸುಮ್ನೆ ಕೂತು ರೀಲ್ಸ್ ನೋಡುತ್ತಿದ್ದರೆ ಅದು ಬೇರೆ ಮಾತು. ಆಗ ಬರೆದು ದೂರು ಕೊಡಿ, ನಾನು ಬೇಡ ಅನ್ನುವುದಿಲ್ಲ.

ಹೋದ ಅಕ್ಕೋರಿಗೂ ಬೈಯಬೇಡಿ. 2020ರ ಶಿಕ್ಷಕರ ವರ್ಗಾವಣೆ ಕಾಯ್ದೆಯ ಪ್ರಕಾರ ಕೌನ್ಸೆಲಿಂಗ್‌ನಲ್ಲಿ ಕೂತು, ಸರದಿ ಬಂದಾಗ ಹೋಗಿದ್ದಾರೆ. ಅವರಿಗೂ ಮನೆ ಇದೆ. ನಿಮ್ಮ ಜಗಳ ಇರಬೇಕಾದದ್ದು ಖಾಲಿ ಬಿದ್ದ ಜಾಗದ ಮೇಲೆ. ಕಡ್ಡಾಯ ಶಿಕ್ಷಣ ಕಾಯ್ದೆಯಲ್ಲಿ ಐದನೇ ತರಗತಿಯವರೆಗೆ 61ರಿಂದ 90 ಮಕ್ಕಳಿಗೆ ಮೂವರು ಶಿಕ್ಷಕರು ಅಂತ ಇದೆ. ನಿಮ್ಮಲ್ಲಿ 63. ಅಂದರೆ ಇಬ್ಬರಿದ್ದಾಗಲೂ ಒಬ್ಬರು ಕಡಿಮೆಯೇ ಇದ್ದರು! ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಖಾಲಿ ಇಡಬಾರದು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಸಭೆ ಕರೆದು ಠರಾವು ಮಾಡಿ. ಸಮಿತಿಯಲ್ಲಿರುವ ತಾಯಂದಿರ ಸಹಿ ಮುಖ್ಯವಾಗಿ ಹಾಕಿಸಿ. ಬಿಇಓಗೆ ಕೊಡಿ, ಒಂದು ಪ್ರತಿ ಅವರ ಮೇಲಿನ ಅಧಿಕಾರಿ, ಕಾರವಾರದ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಗೆ, ಕೊಟ್ಟದ್ದಕ್ಕೆ ಸ್ವೀಕೃತಿ ತಗೊಳ್ಳಿ. ಅಲ್ಲಿಯವರೆಗೆ ಅತಿಥಿ ಶಿಕ್ಷಕರೊಬ್ಬರನ್ನು ಕೇಳಿ. ಮೊಟ್ಟೆಯ ಲೆಕ್ಕ, ಸಾಮಾನು ತರುವ ಕೆಲಸದಲ್ಲಿ ಸಮಿತಿಯವರು ವಾರಕ್ಕೊಬ್ಬರ ಹಾಗೆ ಕೈ ಹಾಕಿ. ಮಾಸ್ತರರಿಗೆ ದಿನಕ್ಕೆ ಒಂದು ಗಂಟೆ ಉಳಿದರೂ ನಿಮ್ಮ ಮಕ್ಕಳಿಗೆ ಉಳಿದ ಹಾಗೆ.

ಪ್ರಶ್ನೆ: ಹೊನ್ನಾವರ. ಶಾಲೆ ಬಿಡುತ್ತೇನೆ ಅಂದದ್ದಕ್ಕೆ ನನ್ನ ಬಿ.ಎಡ್. ಮೂಲ ಅಂಕಪಟ್ಟಿ ಕೊಡುವುದಿಲ್ಲ, ಎರಡು ತಿಂಗಳ ಸಂಬಳ ಕಟ್ಟು ಅನ್ನುತ್ತಾರೆ. ಸೇರುವಾಗ ತಗೊಂಡಿದ್ದರು.

ಉತ್ತರ: ನಿಮ್ಮ ಅಂಕಪಟ್ಟಿ ನಿಮ್ಮದು ತಂಗಿ, ಅಡವಿಟ್ಟ ಬಂಗಾರ ಅಲ್ಲ. ನೋಟಿಸ್ ಅವಧಿಯ ತಕರಾರು ಏನೇ ಇರಲಿ, ಅದಕ್ಕೆ ಸರ್ಟಿಫಿಕೇಟ್ ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಇಂಥ ದಿನ ಕೊಟ್ಟಿದ್ದೆ, ಇಷ್ಟು ದಿನದೊಳಗೆ ವಾಪಸ್ ಕೊಡಿ ಎಂದು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ, ಪ್ರತಿ ಬಿಇಓಗೆ. ಅದಕ್ಕೂ ಬಗ್ಗದಿದ್ದರೆ ಕೋರ್ಟಿನ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ. ಬಹಳಷ್ಟು ಕಡೆ ವಕೀಲರ ಪತ್ರ ಹೋದ ವಾರದಲ್ಲೇ ಬೀರುವಿನ ಕೀಲಿ ಸಿಗುತ್ತದೆ.

ಪ್ರಶ್ನೆ: ಸರ್, ನಾನು ಕುಮಟಾದವ, ಹದಿನಾಲ್ಕು ವರ್ಷ ವಿಜ್ಞಾನ ಕಲಿಸಿದ್ದೇನೆ. ಬರುವ ಜೂನ್‌ನಿಂದ ನನ್ನನ್ನೇ ಹೆಡ್‌ಮಾಸ್ತರ್ ಮಾಡುತ್ತಾರಂತೆ. ಮೂರು ವರ್ಷದಲ್ಲಿ ಹನ್ನೊಂದು ಜನ ಬಿಟ್ಟ ಶಾಲೆ. ದುಡ್ಡು ಜಾಸ್ತಿ ಮಾಡುವ ಅಧಿಕಾರ ನನಗಿಲ್ಲ. ಸ್ಟಾಫ್ ಟಾಯ್ಲೆಟ್ಟಿನ ಚಿಲಕ ಮುರಿದು ಒಂದು ವರ್ಷವಾದರೂ ಹಾಕಿಸದ ಮಂಡಳಿ ಅದು. ಎಲ್ಲಿಂದ ಶುರು ಮಾಡಲಿ?

ಉತ್ತರ: ಒಳ್ಳೆಯ ಮಾಸ್ತರ್ ಒಳ್ಳೆಯ ಹೆಡ್‌ಮಾಸ್ತರ್ ಆಗುತ್ತಾನೆ ಅಂತ ನಾನೂ ನಂಬಿದ್ದೆ. ನನ್ನದೇ ಕಥೆ ಹೇಳುತ್ತೇನೆ.

ನನಗೆ ಆ ಕುರ್ಚಿ ಸಿಕ್ಕ ಮೊದಲ ವರ್ಷ. ಶಾಲೆ ಶಿರಸಿ ಕಡೆಯದ್ದು. ನಮ್ಮ ವಿಜ್ಞಾನದ ಅಕ್ಕೋರು ಕತಗಾಲದ ಹತ್ತಿರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಜುಲೈ ತಿಂಗಳು, ದೇವಿಮನೆ ಘಟ್ಟದಲ್ಲಿ ಮರ ಬಿದ್ದು ಬಸ್ಸು ನಿಂತಿತ್ತು. ಅವರು ಹತ್ತೂ ಇಪ್ಪತ್ತೈದಕ್ಕೆ ಬಂದರು. ಸೀರೆಯ ಅಂಚೆಲ್ಲ ಕೆಸರು, ಕೊಡೆಯ ಒಂದು ಕಡ್ಡಿ ಹೊರಗೆ ಬಂದಿತ್ತು. ನಾನು ಹಾಜರಿ ಪುಸ್ತಕ ತೆರೆದಿಟ್ಟುಕೊಂಡು ಕಾಯುತ್ತಿದ್ದೆ. ಅವರೆದುರೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ನಿಯಮ ಅಂದರೆ ನಿಯಮ ಅಂತ ನನ್ನ ತಲೆ. ಅವರು ಒಂದು ಮಾತೂ ಆಡಲಿಲ್ಲ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೆಂಪು ಗೆರೆಯ ಪಕ್ಕ ಸಹಿ ಮಾಡಿ ಕ್ಲಾಸಿಗೆ ಹೋದರು. ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಕಾರಣ ಕೇಳಿದೆ, "ಮನೆ ಕಡೆ ತೊಂದರೆ ಸರ್" ಅಂದರು. ನಾನೂ ಕಡತಕ್ಕೆ ಹಾಗೆಯೇ ಬರೆದೆ. ಅದೇ ವರ್ಷ ಇನ್ನಿಬ್ಬರು ಹೋದರು, ಅವರಿಗೂ ಮನೆ ಕಡೆಯೇ ತೊಂದರೆ. ನಾಲ್ಕೈದು ವರ್ಷದ ಮೇಲೆ ಒಂದು ಮದುವೆ ಮನೆಯಲ್ಲಿ ಅಕ್ಕೋರು ಸಿಕ್ಕರು. ಅಪ್ಪೆಹುಳಿ ಬಡಿಸುವ ಹೊತ್ತಿಗೆ ನಗುತ್ತಲೇ ಹೇಳಿದರು: "ಸರ್, ಆ ದಿನ ನಾನು ಎರಡು ಕಿಲೋಮೀಟರ್ ನಡೆದು ಬೇರೆ ಗಾಡಿ ಹಿಡಿದು ಬಂದಿದ್ದೆ. ರಜಾ ಹಾಕಿ ಮನೆಗೆ ಹೋಗಬಹುದಿತ್ತು."

ನಾನು ತಲೆ ಬಗ್ಗಿಸಿ ಉಂಡೆ, ಮತ್ತೇನು ಮಾಡಲಿ.

ಹಾಗಾಗಿ ನಿಮಗೆ ಹೇಳುವುದು ಇಷ್ಟು. ಹನ್ನೊಂದು ಜನರ ರಾಜೀನಾಮೆ ಪತ್ರದಲ್ಲಿ ಬರೆದದ್ದನ್ನು ನಂಬಬೇಡಿ. ಅವರಲ್ಲಿ ನಾಲ್ವರಿಗಾದರೂ ಫೋನ್ ಮಾಡಿ, ಚಹಾಕ್ಕೆ ಕರೆಯಿರಿ, ಯಾಕೆ ಬಿಟ್ಟಿರಿ ಅಂತ ಕೇಳಿ ಸುಮ್ಮನೆ ಕೂರಿ. ಸಮರ್ಥನೆ ಮಾಡಲು ಹೋಗಬೇಡಿ. ಇರುವವರಲ್ಲಿ ಒಬ್ಬೊಬ್ಬರ ಜೊತೆ ಜೂನ್‌ಗೆ ಮೊದಲೇ ಕಾಲು ಗಂಟೆ ಮಾತಾಡಿ. ಪಾಲಕರು ಬಂದು ಕೂಗಾಡಿದಾಗ ಮೊದಲು ಮಾಸ್ತರರ ಪಕ್ಕ ನಿಲ್ಲಿ, ತಪ್ಪಿದ್ದರೆ ಆಮೇಲೆ ಒಳಗೆ ಕರೆದು ಹೇಳಿ. ಮಳೆಗಾಲದಲ್ಲಿ ಘಟ್ಟದ ಆಚೆಯಿಂದ ಬರುವವರಿಗೆ ಮೊದಲ ಪೀರಿಯಡ್ ಹಾಕಬೇಡಿ, ಟೈಮ್‌ಟೇಬಲ್ ನಿಮ್ಮ ಕೈಯಲ್ಲೇ ಇದೆ, ಅದಕ್ಕೆ ಮಂಡಳಿಯ ಅಪ್ಪಣೆ ಬೇಡ. ನೀವೂ ವಾರಕ್ಕೆ ಏಳೆಂಟು ಪಾಠ ಮಾಡಿ. ಕ್ಲಾಸು ಬಿಟ್ಟ ಹೆಡ್‌ಮಾಸ್ತರಿಗೆ ಕ್ಲಾಸಿನ ಕಷ್ಟ ಎರಡೇ ವರ್ಷದಲ್ಲಿ ಮರೆತುಹೋಗುತ್ತದೆ. ನನಗೆ ಆರು ತಿಂಗಳಲ್ಲೇ ಮರೆತಿತ್ತು.

ಇನ್ನು ಚಿಲಕ. ನೀವು ಅದನ್ನು ಮಂಡಳಿ ಎಂಥದ್ದು ಅಂತ ತೋರಿಸಲು ಬರೆದಿದ್ದೀರಿ. ನಿಮ್ಮ ಶಾಲೆಯ ಅಕ್ಕೋರು ಒಂದು ವರ್ಷದಿಂದ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದಾರೆ ಅಂತ ನನಗೆ ಅದರಲ್ಲಿ ಕಂಡಿತು. ಜೂನ್‌ವರೆಗೆ ಕಾಯಬೇಡಿ. ಕುಮಟಾ ಪೇಟೆಯಲ್ಲಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಚಿಲಕ ಸಿಗುತ್ತದೆ. ಈ ಶನಿವಾರ ಮಧ್ಯಾಹ್ನ ಬಡಗಿಯನ್ನು ಕರೆದು ಹಾಕಿಸಿ, ಸ್ಟೀಲಿನದ್ದೇ ಹಾಕಿಸಿ, ನಮ್ಮ ಉಪ್ಪುಗಾಳಿಗೆ ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ. ಬಿಲ್ ಮಂಡಳಿಗೆ ಕಳಿಸಿ. ಕೊಡದಿದ್ದರೆ ನನಗೆ ಕಳಿಸಿ.